ತೇಲುವ ಜಾತ್ರೆ, ಕಾಯುವ ಬಂದರು

(ಗಿರಣಿ ಕಾರ್ಮಿಕರೂ ಪೇಟೆಯ ವರ್ತಕರೂ ಕೂಡಿದ್ದ ಭಾನುವಾರ ಸಂಜೆಯ ಸಭೆಯಲ್ಲಿ ಮಾಡಿದ ಭಾಷಣದ ಪಾಠ)

ನಮ್ಮ ಊರಿಗೆ ಸಮುದ್ರವಿಲ್ಲ. ಇಲ್ಲಿ ಗಿರಣಿಯ ಕೂಗು ಕೇಳಿ ಎದ್ದವರಿದ್ದಾರೆ, ಸಂತೆಯ ದಿನ ನೋಡಿ ಅಂಗಡಿಗೆ ಸರಕು ತುಂಬಿದವರಿದ್ದಾರೆ. ಹಡಗು ಹತ್ತಿದವರು ಬೆರಳೆಣಿಕೆಯ ಮಂದಿ. ಅಂಥ ಊರಿನಲ್ಲಿ ವಿಹಾರದ ಹಡಗುಗಳ ಬಗ್ಗೆ, ಅವು ಹೋಗಿ ನಿಲ್ಲುವ ಬಂದರುಗಳ ಬಗ್ಗೆ ಭಾಷಣವೇಕೆ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಉತ್ತರ ಹೇಳಿ ಮುಂದುವರಿಯುತ್ತೇನೆ.

ನಮ್ಮ ಓಣಿಯ ಹುಡುಗನೊಬ್ಬ ಇಂಥ ಹಡಗೊಂದರ ಅಡಿಗೆಮನೆಯಲ್ಲಿ ಕೆಲಸಕ್ಕಿದ್ದಾನೆ. ಪಾತ್ರೆ ತೊಳೆಯುವುದರಿಂದ ಶುರುಮಾಡಿ ಈಗ ತರಕಾರಿ ಹೆಚ್ಚುವ ಮಟ್ಟಕ್ಕೆ ಏರಿದ್ದಾನೆ. ರಜೆಯ ಮೇಲೆ ಬಂದಾಗ, ಯಾವ ಯಾವ ಊರು ನೋಡಿದೆಯಪ್ಪಾ ಎಂದು ಕೇಳಿದೆ. ಅವನು ನಕ್ಕ. ಊರು ನೋಡಿಲ್ಲ ಕಾಕಾ, ಬಂದರಿನ ಬಾಗಿಲು ನೋಡಿದ್ದೇನೆ, ಮನೆಗೆ ದುಡ್ಡು ಕಳಿಸುವ ಅಂಗಡಿ ನೋಡಿದ್ದೇನೆ, ಪುಕ್ಕಟೆ ವೈಫೈ ಸಿಗುವ ಕಟ್ಟೆ ಯಾವುದೆಂದು ಗೊತ್ತು, ಅಷ್ಟೆ ಅಂದ. ಆಮೇಲೆ ಇನ್ನೊಂದು ಮಾತು ಸೇರಿಸಿದ: ದುಡ್ಡು ಕೊಟ್ಟು ಹಡಗು ಹತ್ತಿದವರೂ ಊರು ನೋಡುವುದು ಬಹಳ ಕಡಿಮೆ. ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಅವರು ನೋಡುವುದೇನು, ಆ ನೋಟದಿಂದ ಊರಿಗೆ ಉಳಿಯುವುದೇನು ಎಂದು ವಿಚಾರಿಸುತ್ತ ಹೋದಂತೆ, ಇದು ಗಿರಣಿಯವನಿಗೂ ಅಂಗಡಿಯವನಿಗೂ ಸಂಬಂಧಪಟ್ಟ ವಿಷಯವೇ ಎಂದು ನನಗೆ ಅನ್ನಿಸಿತು. ಜಾಗ ಬಿಟ್ಟು ಕದಲಬಲ್ಲ ಬಂಡವಾಳಕ್ಕೂ ಕದಲಲಾರದ ಊರಿಗೂ ನಡುವೆ ಚೌಕಾಸಿ ನಡೆದಾಗ ಗೆಲ್ಲುವವರು ಯಾರು? ಇದೇ ಪ್ರಶ್ನೆ.

ಮೊದಲು ಹಡಗಿನ ಅಳತೆ ತಿಳಿಯೋಣ. 2024ರ ಜನವರಿಯಲ್ಲಿ ಅಮೆರಿಕದ ಮಯಾಮಿ ಬಂದರಿನಿಂದ 'ಐಕಾನ್ ಆಫ್ ದಿ ಸೀಸ್' ಎಂಬ ಹಡಗು ಮೊದಲ ವಿಹಾರಕ್ಕೆ ಹೊರಟಿತು. ಫಿನ್ಲೆಂಡ್ ದೇಶದ ಟುರ್ಕು ಪಟ್ಟಣದಲ್ಲಿ ಕಟ್ಟಿದ್ದು. ಉದ್ದ 365 ಮೀಟರು, ಅಂತಸ್ತು 20, ಈಜುಕೊಳ 7. ತುಂಬಿದರೆ 7,600 ಪ್ರಯಾಣಿಕರು, ಅವರ ಸೇವೆಗೆ 2,350 ನೌಕರರು. ಒಟ್ಟು ಹತ್ತು ಸಾವಿರ ತಲೆ. ನಮ್ಮ ಕಡೆಯ ಒಂದು ಹೋಬಳಿಯ ದೊಡ್ಡ ಊರನ್ನೇ ಎತ್ತಿ ನೀರಿನ ಮೇಲೆ ಇಟ್ಟಂತೆ. ಎಲ್ಲ ಹಡಗೂ ಇಷ್ಟು ದೊಡ್ಡದಲ್ಲ. ಆದರೆ ಎರಡು ಮೂರು ಸಾವಿರ ಜನರನ್ನು ಹೊರುವ ಹಡಗು ಈಗ ಸಾಮಾನ್ಯ. 2024ರಲ್ಲಿ ಜಗತ್ತಿನಲ್ಲಿ ಸುಮಾರು 3 ಕೋಟಿ 46 ಲಕ್ಷ ಜನ ಹೀಗೆ ವಿಹಾರಕ್ಕೆ ಹೋದರೆಂದು ಕಂಪನಿಗಳ ಸಂಘವೇ ಲೆಕ್ಕ ಕೊಟ್ಟಿದೆ.

ಈ ವ್ಯಾಪಾರದ ಬಹುಭಾಗ ಮೂರು ದೊಡ್ಡ ಕೂಟಗಳ ಕೈಯಲ್ಲಿದೆ: ಕಾರ್ನಿವಲ್, ರಾಯಲ್ ಕ್ಯಾರಿಬಿಯನ್, ನಾರ್ವೇಜಿಯನ್. ಮೂರಕ್ಕೂ ಕಚೇರಿ ಮಯಾಮಿಯ ಸುತ್ತಮುತ್ತ. ಆದರೆ ರಾಯಲ್ ಕ್ಯಾರಿಬಿಯನ್ ನೋಂದಣಿಯಾಗಿರುವುದು ಆಫ್ರಿಕದ ಲೈಬೀರಿಯಾದಲ್ಲಿ, ನಾರ್ವೇಜಿಯನ್ ಬರ್ಮುಡಾದಲ್ಲಿ. ಹಡಗುಗಳ ಮೇಲೆ ಹಾರುವ ಬಾವುಟ ಹೆಚ್ಚಾಗಿ ಬಹಾಮಾಸ್, ಪನಾಮಾ, ಮಾಲ್ಟಾ ದೇಶಗಳದ್ದು. ಕಚೇರಿ ಒಂದು ಕಡೆ, ಕಾಗದ ಒಂದು ಕಡೆ, ಬಾವುಟ ಮತ್ತೊಂದು ಕಡೆ. ತೆರಿಗೆಯ ಅಧಿಕಾರಿಯೂ ಕಾರ್ಮಿಕ ಇಲಾಖೆಯವನೂ ಯಾವ ಬಾಗಿಲು ತಟ್ಟಬೇಕೆಂದು ಕೇಳುತ್ತ ಓಡಾಡಬೇಕು.

ಇನ್ನು ಬಂದರಿನ ವಿಷಯ. ಬಂದರುಗಳಲ್ಲಿ ಎರಡು ಬಗೆ. ಪ್ರಯಾಣ ಶುರುವಾಗಿ ಮುಗಿಯುವ ಬಂದರು ಒಂದು ಬಗೆ. ಮಯಾಮಿ, ಬಾರ್ಸಿಲೋನಾ, ಸಿಂಗಪುರ, ನಮ್ಮ ಮುಂಬಯಿ ಇಂಥವು. ಅಲ್ಲಿಗೆ ಜನ ಒಂದು ದಿನ ಮೊದಲೇ ಬಂದು ಹೋಟೆಲಿನಲ್ಲಿ ತಂಗುತ್ತಾರೆ. ಹಡಗು ಅಲ್ಲಿಯೇ ಎಣ್ಣೆ, ತರಕಾರಿ, ಮೊಟ್ಟೆ, ಹಾಲು ತುಂಬಿಕೊಳ್ಳುತ್ತದೆ. ಆ ಊರಿಗೆ ಸ್ವಲ್ಪ ಗಟ್ಟಿ ಸಂಪಾದನೆಯುಂಟು. ಇನ್ನೊಂದು ಬಗೆ, ನಡುದಾರಿಯಲ್ಲಿ ಮುಟ್ಟಿ ಹೋಗುವ ಬಂದರು. ಬೆಳಿಗ್ಗೆ ಏಳೆಂಟಕ್ಕೆ ಹಡಗು ಬರುತ್ತದೆ, ಸಂಜೆ ಐದಾರಕ್ಕೆ ಹೊರಡುತ್ತದೆ. ಜಗತ್ತಿನ ಬಂದರುಗಳಲ್ಲಿ ಹೆಚ್ಚಿನವು ಈ ಎರಡನೆಯ ಬಗೆಯವು, ನನ್ನ ಮಾತೆಲ್ಲ ಅವುಗಳದ್ದೇ.

ನಮಗೆ ಜಾತ್ರೆ ಗೊತ್ತು. ಜಾತ್ರೆಗೆ ಬಂದವನು ನಮ್ಮ ಛತ್ರದಲ್ಲಿ ಮಲಗುತ್ತಾನೆ, ನಮ್ಮ ಖಾನಾವಳಿಯಲ್ಲಿ ಉಣ್ಣುತ್ತಾನೆ, ಮಕ್ಕಳಿಗೆ ಬೆಂಡು ಬತ್ತಾಸು, ಹೆಂಡತಿಗೆ ಬಳೆ ಕೊಳ್ಳುತ್ತಾನೆ. ಬಂದ ಗಾಡಿಯ ಎತ್ತಿಗೆ ಮೇವು ಕೂಡ ನಮ್ಮದೇ. ವಿಹಾರದ ಹಡಗೂ ಒಂದು ಜಾತ್ರೆಯೇ. ಆದರೆ ಅದು ಛತ್ರ, ಖಾನಾವಳಿ, ಬಳೆ ಅಂಗಡಿ, ನಾಟಕದ ಕಂಪನಿ ಎಲ್ಲವನ್ನೂ ತಾನೇ ಹೊತ್ತು ತರುವ ಜಾತ್ರೆ. ಊರಿನ ಹೊಸಿಲಲ್ಲಿ ನಿಂತು, ಊರನ್ನು ನೋಡಿ, ಸಂಜೆ ಗಂಟುಮೂಟೆ ಸಮೇತ ಹೊರಟುಬಿಡುತ್ತದೆ.

ಅಂಗಡಿ ಇಟ್ಟವರು ಈ ಲೆಕ್ಕವನ್ನು ಸ್ವಲ್ಪ ಗಮನವಿಟ್ಟು ಕೇಳಬೇಕು. ಪ್ರಯಾಣಿಕನು ಟಿಕೀಟಿನ ಜೊತೆಗೇ ಊಟದ ದುಡ್ಡು ಕೊಟ್ಟಿರುತ್ತಾನೆ. ಆದುದರಿಂದ ಮಧ್ಯಾಹ್ನ ಹಸಿವಾದರೆ ಹಡಗಿಗೇ ಮರಳುತ್ತಾನೆ. ಊರಿನ ಹೋಟೆಲಿನಲ್ಲಿ ಅವನು ಕುಡಿಯುವುದು ಒಂದು ಕಾಫಿ. ಊರು ನೋಡುವ ಬಸ್ಸಿನ ಟಿಕೀಟನ್ನು ಅವನು ಹಡಗಿನೊಳಗೇ ಕೊಂಡಿರುತ್ತಾನೆ. ಆ ದುಡ್ಡಿನಲ್ಲಿ ಅರ್ಧದಷ್ಟನ್ನು, ಕೆಲವೆಡೆ ಇನ್ನೂ ಹೆಚ್ಚನ್ನು ಕಂಪನಿ ಇಟ್ಟುಕೊಳ್ಳುತ್ತದೆ. ಬಸ್ಸಿನವನು, ಚಾಲಕ, ಊರು ತೋರಿಸುವವನು ಮಿಕ್ಕದ್ದನ್ನು ಹಂಚಿಕೊಳ್ಳಬೇಕು. ಹಡಗಿನ ಬಸ್ಸು ತಡವಾದರೆ ಹಡಗು ಕಾಯುತ್ತದೆ, ನೀವಾಗಿ ಹೋಗಿ ತಡಮಾಡಿದರೆ ಹಡಗು ಕಾಯುವುದಿಲ್ಲ ಎಂದು ಮೊದಲೇ ಹೇಳಿರುತ್ತಾರೆ. ಪರದೇಶದಲ್ಲಿ ಒಂಟಿಯಾಗಿ ಉಳಿಯುವ ಭಯ ಯಾರಿಗಿಲ್ಲ? ಅದೊಂದು ಭಯವೇ ಊರಿನ ಆಟೋದವನ ಬಾಡಿಗೆಯನ್ನು ತಪ್ಪಿಸುತ್ತದೆ. ಇಂಥಿಂಥ ಅಂಗಡಿಗೆ ಹೋಗಿ ಎಂದು ಹಡಗಿನಲ್ಲಿ ನಕ್ಷೆ ಹಂಚುವುದೂ ಉಂಟು. ಆ ನಕ್ಷೆಯಲ್ಲಿ ಹೆಸರು ಬರಬೇಕಾದರೆ ಅಂಗಡಿಯವನು ದುಡ್ಡು ಕಟ್ಟಬೇಕು. ಕಟ್ಟಬಲ್ಲವನು ಬಂದರಿಂದ ಬಂದರಿಗೆ ಮಳಿಗೆ ತೆರೆದಿರುವ ದೊಡ್ಡ ಒಡವೆ ವ್ಯಾಪಾರಿ. ಬುಟ್ಟಿ ಹೆಣೆದು ಮಾರುವವಳು ಆ ನಕ್ಷೆಯಲ್ಲಿಲ್ಲ.

ಹಡಗು ಸಂಜೆಗೇ ಹೊರಡುವುದಕ್ಕೂ ಕಾರಣವಿದೆ. ದಡಕ್ಕೆ ಕಟ್ಟಿ ನಿಂತಿರುವಾಗ ಬಹಳ ದೇಶಗಳಲ್ಲಿ ಹಡಗಿನ ಜೂಜಿನ ಕೋಣೆಯನ್ನೂ ಸುಂಕವಿಲ್ಲದ ಅಂಗಡಿಗಳನ್ನೂ ಮುಚ್ಚಿರಬೇಕು. ಹಡಗು ಕಡಲಿಗೆ ಇಳಿದರೆ ಅವುಗಳ ಬಾಗಿಲು ತೆರೆಯುತ್ತದೆ. ಊರಿಗೆ ಕೊಟ್ಟ ಒಂದೊಂದು ಗಂಟೆಯೂ ಕಂಪನಿಯ ಲೆಕ್ಕದಲ್ಲಿ ಕಳೆದ ಗಂಟೆ.

ಕೆಲವು ಬಂದರುಗಳಿಗೆ ಹಡಗು ಬರುವುದು ಊರಿನ ಚೆಲುವಿಗಾಗಿಯೇ ಅಲ್ಲ, ಕಾನೂನಿಗಾಗಿ. 1886ರ ಅಮೆರಿಕದ ಒಂದು ಕಾನೂನಿನಂತೆ, ಪರದೇಶದ ಹಡಗು ಅಮೆರಿಕದ ಒಂದು ಬಂದರಿನಿಂದ ಇನ್ನೊಂದಕ್ಕೆ ಜನರನ್ನು ನೇರವಾಗಿ ಒಯ್ಯುವಂತಿಲ್ಲ. ಹತ್ತಿದಲ್ಲಿಯೇ ಇಳಿಸುವ ಸುತ್ತುಪ್ರಯಾಣವಾದರೂ ನಡುವೆ ಪರದೇಶದ ಬಂದರೊಂದನ್ನು ಮುಟ್ಟಬೇಕು. ಅದಕ್ಕಾಗಿ ಸಿಯಾಟಲ್‌ನಿಂದ ಅಲಾಸ್ಕಾಕ್ಕೆ ಹೋಗಿಬರುವ ಹಡಗುಗಳು ಕೆನಡಾದ ವಿಕ್ಟೋರಿಯಾ ಪಟ್ಟಣದಲ್ಲಿ ನಿಲ್ಲುತ್ತವೆ. ಎಷ್ಟೋ ಹಡಗುಗಳು ಬರುವುದು ಸಂಜೆ, ಹೊರಡುವುದು ಅದೇ ರಾತ್ರಿ. ಹೂದೋಟಗಳಿಗೆ ಹೆಸರಾದ ಆ ಊರನ್ನು ಸಾವಿರಾರು ಜನ ಕತ್ತಲಲ್ಲಿ ನೋಡಿ ಹೋಗುತ್ತಾರೆ.

ಇಷ್ಟಾದರೂ ಊರಿನ ಅಂಗಡಿಗೆ ಹೋಗುವ ಪುಡಿಗಾಸನ್ನೂ ಬಿಡುವುದೇಕೆ ಎಂದು ಕಂಪನಿಗಳು ಯೋಚಿಸಿದವು. 1977ರಲ್ಲಿ ನಾರ್ವೇಜಿಯನ್ ಕಂಪನಿ ಬಹಾಮಾಸ್‌ನ ಗ್ರೇಟ್ ಸ್ಟಿರಪ್ ಕೇ ಎಂಬ ಪುಟ್ಟ ದ್ವೀಪವನ್ನು ಕೊಂಡಿತು. ಅಲ್ಲಿಂದ ಮುಂದೆ ಕಂಪನಿಗೊಂದು ದ್ವೀಪ. 2019ರಲ್ಲಿ ರಾಯಲ್ ಕ್ಯಾರಿಬಿಯನ್ ತನ್ನ ಕೋಕೋಕೇ ದ್ವೀಪಕ್ಕೆ ಸುಮಾರು 25 ಕೋಟಿ ಡಾಲರ್ ಸುರಿದು ನೀರಾಟದ ಗೋಪುರಗಳನ್ನು ಕಟ್ಟಿತು. 2025ರ ಜುಲೈಯಲ್ಲಿ ಕಾರ್ನಿವಲ್ ಅದೇ ಬಹಾಮಾಸ್‌ನಲ್ಲಿ ಸೆಲೆಬ್ರೇಷನ್ ಕೀ ಎಂಬ ತನ್ನದೇ ತೀರವನ್ನು ತೆರೆಯಿತು. ಹಡಗೂ ಅವರದೇ, ದಡವೂ ಅವರದೇ, ಎಳನೀರಿನ ಬೆಲೆ ಕಟ್ಟುವವರೂ ಅವರೇ. ಊರಿಲ್ಲದ ಬಂದರು! ಅಲ್ಲಿ ಚೌಕಾಸಿ ಮಾಡುವ ಮುದುಕಿಯಿಲ್ಲ, ಪುರಸಭೆಯಿಲ್ಲ, ಮೆರವಣಿಗೆಯಿಲ್ಲ. ಹಡಗು ದಿನವಿಡೀ ಅಲ್ಲಿ ನಿಂತರೆ, ಅದರ ಜನ ಹಳೆಯ ನಸಾವು ಪಟ್ಟಣದ ಹುಲ್ಲುಹೆಣಿಗೆಯ ಪೇಟೆಗೆ ಕಾಲಿಡುವುದು ಅಷ್ಟು ಕಡಿಮೆ.

ಹೈಟಿ ದೇಶದ ಲಬಾಡೀ ಕಡಲತೀರವನ್ನು ರಾಯಲ್ ಕ್ಯಾರಿಬಿಯನ್ 1986ರಿಂದ ಸರ್ಕಾರದಿಂದ ಗುತ್ತಿಗೆಗೆ ಪಡೆದಿದೆ. ಸುತ್ತ ಬೇಲಿ, ಬೇಲಿಗೆ ಕಾವಲು. 2010ರ ಜನವರಿ 12ರಂದು ಹೈಟಿಯ ರಾಜಧಾನಿ ಭೂಕಂಪದಲ್ಲಿ ನೆಲಸಮವಾಯಿತು. ಲಕ್ಷಾಂತರ ಜನ ಸತ್ತರು. ಮೂರು ದಿನ ಕಳೆದ ಮೇಲೆ, ಜನವರಿ 15ರಂದು, ಲಬಾಡೀ ತೀರಕ್ಕೆ ವಿಹಾರದ ಹಡಗು ಎಂದಿನಂತೆ ಬಂದಿತು. ಜಗತ್ತಿನ ಪತ್ರಿಕೆಗಳಲ್ಲಿ ಗದ್ದಲವೆದ್ದಿತು. ಕಂಪನಿ ಕೊಟ್ಟ ಉತ್ತರವನ್ನೂ ನಾನು ಹೇಳಬೇಕು: ಹಡಗುಗಳಲ್ಲಿ ಪರಿಹಾರದ ಸಾಮಾನು ತಂದಿದ್ದೇವೆ, ಹಡಗು ನಿಂತರೆ ಇಲ್ಲಿನ ನೂರಾರು ಜನರ ಕೂಲಿ ನಿಲ್ಲುತ್ತದೆ. ಅದು ಸುಳ್ಳಲ್ಲ. ನನಗೆ ಕಾಣುವ ತೊಂದರೆ ಬೇರೆ. ಬೇಲಿಯ ಆಚೆಯ ದೇಶ ಬಿದ್ದರೂ ಈಚೆಯ ವಿಹಾರ ನಡೆಯಬಲ್ಲದು ಎಂಬಂತೆ ಆ ಜಾಗವನ್ನು ಕಟ್ಟಲಾಗಿತ್ತು. ಕೊನೆಗೆ ಬೇಲಿಯೂ ಸಾಲದಾಯಿತು. ಹೈಟಿಯಲ್ಲಿ ಗುಂಪುಗಳ ಹಿಂಸೆ ಹೆಚ್ಚಿದಾಗ 2024ರಲ್ಲಿ ಒಮ್ಮೆ, 2025ರಲ್ಲಿ ಮತ್ತೊಮ್ಮೆ ಹಡಗುಗಳು ಆ ತೀರವನ್ನು ಬಿಟ್ಟವು. ಹಡಗು ಬೇರೆ ದಡ ನೋಡಿಕೊಂಡಿತು. ಲಬಾಡೀಯ ಕೂಲಿಯವನು ಎಲ್ಲಿಗೆ ಹೋಗಬೇಕು?

ಬೇಲಿ ಊರಿನ ನಡುವೆಯೇ ಏಳುವುದೂ ಉಂಟು. ಜಮೈಕಾದ ಫಾಲ್ಮತ್ 1769ರಲ್ಲಿ ಹುಟ್ಟಿದ ಪಟ್ಟಣ. ಗುಲಾಮರ ಬೆವರಿನ ಸಕ್ಕರೆ ಸಾಗಿಸಿ ಬೆಳೆದದ್ದು. 2011ರಲ್ಲಿ ಅಲ್ಲಿ ಅತಿ ದೊಡ್ಡ ಹಡಗುಗಳಿಗೆಂದೇ ಹೊಸ ಬಂದರು ತೆರೆಯಿತು. ಹಳೆಯ ಪಟ್ಟಣಕ್ಕೆ ಮರುಜೀವ ಬರುತ್ತದೆಂದು ಜನ ಆಸೆಪಟ್ಟರು. ಬಂದರಿನ ಗೋಡೆಯೊಳಗೆ ಥಳಕಿನ ಅಂಗಡಿಗಳು ಎದ್ದವು. ಬಸ್ಸುಗಳು ಗೋಡೆಯೊಳಗಿಂದಲೇ ಜನರನ್ನು ತುಂಬಿಕೊಂಡು ದೂರದ ಜಲಪಾತಗಳಿಗೂ ತೀರಗಳಿಗೂ ಹೊರಟವು. ಮರ ಕೆತ್ತುವವರು, ಗಾಡಿಯವರು ಗೋಡೆಯ ಹೊರಗೆ ನಿಂತು ವರ್ಷಗಟ್ಟಲೆ ದೂರು ಹೇಳಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಗಾದೆಯೇ ಅಲ್ಲಿ ನಿಂತಿತ್ತು.

ಹಾಗಾದರೆ ಬಂದರಿನ ಜನ ಸುಮ್ಮನಿದ್ದರೇ? ಇಲ್ಲ. ಅವರ ಹೋರಾಟದ ಕಥೆ ನಮ್ಮ ಯೂನಿಯನ್ನಿನ ಕಥೆಯಂತೆಯೇ ಇದೆ.

1993ರಲ್ಲಿ ಕ್ಯಾರಿಬಿಯನ್ ದೇಶಗಳ ಒಕ್ಕೂಟ ಒಂದು ಮಾತಿಗೆ ಬಂದಿತು: ಪ್ರತಿಯೊಬ್ಬ ಪ್ರಯಾಣಿಕನ ಮೇಲೆ ಎಲ್ಲ ದ್ವೀಪಗಳೂ ಕನಿಷ್ಠ 10 ಡಾಲರ್ ತಲೆಗಂದಾಯ ಹಾಕೋಣ. ಒಳ್ಳೆಯ ಯೋಚನೆ. ಕಂಪನಿಗಳು, ಹಾಗಿದ್ದರೆ ನಮ್ಮ ಹಡಗು ಬೇರೆ ಕಡೆ ತಿರುಗುತ್ತದೆ ಎಂದವು. ಒಂದು ದ್ವೀಪ ಹೆದರಿತು, ಇನ್ನೊಂದು ತನಗೆ ಹೆಚ್ಚು ಹಡಗು ಸಿಗಬಹುದೆಂದು ಆಸೆಪಟ್ಟಿತು. ಒಗ್ಗಟ್ಟು ಒಡೆಯಿತು, ಒಂದೇ ದರ ಬರಲೇ ಇಲ್ಲ. 1999ರಲ್ಲಿ ಪುಟ್ಟ ಗ್ರೆನಡಾ ದ್ವೀಪ, ಕಸ ವಿಲೇವಾರಿಯ ಖರ್ಚಿಗೆಂದು ತಲೆಗೆ ಒಂದೂವರೆ ಡಾಲರ್ ಕೇಳಿತು. ಕಾರ್ನಿವಲ್ ತನ್ನ ಹಡಗನ್ನು ಆ ದ್ವೀಪದಿಂದ ತೆಗೆಯಿತು. ಒಂದೂವರೆ ಡಾಲರು! ಕಂಪನಿಗೆ ಅದು ಕಾಸಲ್ಲ. ಗ್ರೆನಡಾಕ್ಕೆ ಕೊಟ್ಟ ಪೆಟ್ಟನ್ನು ಅಕ್ಕಪಕ್ಕದ ದ್ವೀಪಗಳು ನೋಡಲಿ ಎಂಬುದೇ ಅಲ್ಲಿಯ ಮಾತು. ಗಿರಣಿಯಲ್ಲಿ ಮೊದಲು ದನಿಯೆತ್ತಿದವನನ್ನು ಮನೆಗೆ ಕಳಿಸುವ ರೀತಿಯನ್ನು ನಿಮಗೆ ನಾನು ವಿವರಿಸಬೇಕಾಗಿಲ್ಲ.

ಈಗ ಅಲಾಸ್ಕಾ ನೋಡಿ. 2006ರಲ್ಲಿ ಅಲ್ಲಿನ ಮತದಾರರೇ ಓಟು ಹಾಕಿ ತಲೆಗೆ 50 ಡಾಲರ್ ಕಂದಾಯ ವಿಧಿಸಿದರು. ಕಂಪನಿಗಳು ಕೋರ್ಟಿಗೆ ಹೋದವು, ಕೆಲವು ಹಡಗುಗಳನ್ನು ಹಿಂತೆಗೆದವು. 2010ರಲ್ಲಿ ಶಾಸಕರು ಕಂದಾಯವನ್ನು 34 ಡಾಲರ್ 50 ಸೆಂಟಿಗೆ ಇಳಿಸಿದರು. ಇಳಿಸಿದ ಮೇಲೂ ಅದು ಗ್ರೆನಡಾ ಕೇಳಿದ್ದರ ಇಪ್ಪತ್ತಮೂರು ಪಾಲು! ಆದರೂ ಹಡಗುಗಳು ಅಲಾಸ್ಕಾವನ್ನು ಬಿಟ್ಟು ಹೋಗಲಿಲ್ಲ. 2023ರಲ್ಲಿ ಅಲ್ಲಿನ ಜೂನೋ ಪಟ್ಟಣವೊಂದಕ್ಕೇ 16 ಲಕ್ಷಕ್ಕೂ ಮೀರಿ ಜನ ಹಡಗಿನಲ್ಲಿ ಬಂದರು. ಆ ಪಟ್ಟಣದ ಜನಸಂಖ್ಯೆ ಸುಮಾರು 32,000. ಕಾರಣ ಸರಳ. ಮರಳಿನ ತೀರಕ್ಕೆ ಬದಲಾಗಿ ಇನ್ನೊಂದು ಮರಳಿನ ತೀರ ಸಿಗುತ್ತದೆ, ದುಡ್ಡಿದ್ದರೆ ಕಟ್ಟಿಕೊಳ್ಳಲೂಬಹುದು. ಜೂನೋ ಬಳಿಯ ಮೆಂಡನ್‌ಹಾಲ್ ಹಿಮನದಿಯನ್ನು ಯಾವ ಕಂಪನಿಯೂ ಬಹಾಮಾಸ್‌ನಲ್ಲಿ ಕಟ್ಟಲಾರದು. ಬೇರೆಲ್ಲೂ ಸಿಗದ ಸರಕು ಇರುವವನು ಬೆಲೆ ಹೇಳಬಲ್ಲ. ಸಿಗುವ ಸರಕು ಇರುವವನು ನೆರೆಯವನ ಜೊತೆ ಕೂಡಿ ನಿಂತರೆ ಮಾತ್ರ ಬೆಲೆ ಹೇಳಬಲ್ಲ. ಇದು ಹತ್ತಿಯ ವ್ಯಾಪಾರಕ್ಕೂ ಸತ್ಯ, ಕೂಲಿಗೂ ಸತ್ಯ, ಬಂದರಿಗೂ ಸತ್ಯ.

ಮೆಕ್ಸಿಕೋ ದೇಶ 2024ರ ಡಿಸೆಂಬರಿನಲ್ಲಿ ತಲೆಗೆ ಸುಮಾರು 42 ಡಾಲರ್ ವಿಧಿಸುವ ಕಾನೂನು ಮಾಡಿತು. ಕಂಪನಿಗಳು ಗುಡುಗಿದವು, ಮಾತುಕತೆ ನಡೆದು, 2025ರ ಜುಲೈಯಿಂದ 5 ಡಾಲರ್, ಹಂತಹಂತವಾಗಿ ಏರಿಸಿ 2028ಕ್ಕೆ 21 ಡಾಲರ್ ಎಂದು ಇತ್ಯರ್ಥವಾಯಿತು. ಅರ್ಧಕ್ಕೆ ಇಳಿಯಿತು ನಿಜ, ಸೊನ್ನೆಗೆ ಇಳಿಯಲಿಲ್ಲ. ಇಡೀ ದೇಶ ಒಂದೇ ಬಾಯಲ್ಲಿ ಕೇಳಿದ್ದರ ಫಲ ಇದು.

ದುಡ್ಡಿನ ಮಾತು ಬಿಟ್ಟು, ಜನ ಸಾಕಪ್ಪಾ ಸಾಕು ಎಂದ ಬಂದರುಗಳೂ ಇವೆ. ವೆನಿಸ್ ಪಟ್ಟಣದ ಕಾಲುವೆಯಲ್ಲಿ ಅರಮನೆಗಳಿಗಿಂತ ಎತ್ತರದ ಹಡಗುಗಳು ಸಂತ ಮಾರ್ಕನ ಚೌಕದ ಮುಂದೆಯೇ ಸಾಗುತ್ತಿದ್ದವು. 2019ರ ಜೂನ್ 2ರಂದು ಅಂಥದೊಂದು ಹಡಗು ಹತೋಟಿ ತಪ್ಪಿ ದಡಕ್ಕೂ ಪಕ್ಕದ ಪ್ರವಾಸಿ ದೋಣಿಗೂ ಗುದ್ದಿತು, ಕೆಲವರಿಗೆ ಪೆಟ್ಟಾಯಿತು. ಊರವರು ವರ್ಷಗಳಿಂದ ದೋಣಿಗಳಲ್ಲಿ ನಿಂತು ಪ್ರತಿಭಟಿಸಿದ್ದರು. ಕಡೆಗೆ 2021ರ ಆಗಸ್ಟ್ 1ರಿಂದ 25,000 ಟನ್ನಿಗೆ ಮೀರಿದ ಹಡಗುಗಳು ಆ ದಾರಿಯಲ್ಲಿ ಬರಕೂಡದೆಂದು ಇಟಲಿ ಸರ್ಕಾರ ನಿಷೇಧಿಸಿತು. ಹಳೆಯ ವೆನಿಸ್‌ನಲ್ಲಿ 1951ರಲ್ಲಿ ಒಂದು ಲಕ್ಷ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ ವಾಸವಿದ್ದರು. 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ಇದಕ್ಕೆ ಹಡಗೊಂದೇ ಕಾರಣವಲ್ಲ. ಆದರೆ ಊರು ಪೂರ್ತಿ ಪ್ರದರ್ಶನಕ್ಕೆ ನಿಂತರೆ ಅದರಲ್ಲಿ ಬಾಳುವವರಿಗೆ ಜಾಗ ಉಳಿಯುವುದಿಲ್ಲ.

ಅಮೆರಿಕದ ಕೀ ವೆಸ್ಟ್ ದ್ವೀಪಪಟ್ಟಣದ ಜನ 2020ರ ನವೆಂಬರಿನಲ್ಲಿ, ದಿನಕ್ಕೆ 1,500 ಪ್ರಯಾಣಿಕರಿಗಿಂತ ಹೆಚ್ಚು ಇಳಿಯಕೂಡದೆಂದು ಭಾರಿ ಬಹುಮತದಿಂದ ಓಟು ಹಾಕಿದರು. 2021ರಲ್ಲಿ ಫ್ಲೋರಿಡಾ ರಾಜ್ಯದ ಶಾಸನಸಭೆ ಹೊಸ ಕಾನೂನು ಮಾಡಿ ಆ ಓಟನ್ನು ಅಳಿಸಿಹಾಕಿತು. ಊರಿನ ಮಾತಿಗೆ ರಾಜಧಾನಿಯಲ್ಲಿ ಬೆಲೆಯಿಲ್ಲವಾಯಿತು. ಜೂನೋದಲ್ಲಿ ಇನ್ನೊಂದು ಬಗೆ. ಶನಿವಾರ ದೊಡ್ಡ ಹಡಗು ಬೇಡ ಎಂಬ ಪ್ರಸ್ತಾಪ 2024ರ ಅಕ್ಟೋಬರಿನ ಮತದಾನದಲ್ಲಿ ಸೋತಿತು. ಊರಿನ ದೊಡ್ಡ ಪಾಲಿಗೆ ಹಡಗೇ ಅನ್ನ ಎಂಬುದನ್ನು ಆ ಮತ ತೋರಿಸಿತು. ಆದರೂ 2026ರಿಂದ ದಿನಕ್ಕೆ 16,000, ಶನಿವಾರ 12,000 ಪ್ರಯಾಣಿಕರ ಹಾಸಿಗೆಗಳಿಗೆ ಮಿತಿ ಇರಬೇಕೆಂದು ಪಟ್ಟಣವೂ ಕಂಪನಿಗಳೂ ಒಪ್ಪಂದಕ್ಕೆ ಬಂದವು.

ಬಂಧುಗಳೆ, ಇಲ್ಲೊಂದು ತೊಡಕಿದೆ. ಅದನ್ನು ಮುಚ್ಚಿಟ್ಟು ಭಾಷಣ ಮಾಡುವುದು ಸರಿಯಲ್ಲ. ವೆನಿಸ್‌ನಲ್ಲಿ ಹಡಗು ನಿಂತಾಗ ಹಗ್ಗ ಕಟ್ಟುವವನು, ಪೆಟ್ಟಿಗೆ ಹೊರುವವನು ಕೆಲಸ ಹೋದೀತೆಂದು ಹೆದರಿದ. ಅವನೂ ನಮ್ಮವನೇ. ಹೊಗೆ ಸಾಕೆನ್ನುವ ನೆರೆಮನೆಯವಳೂ ನಮ್ಮವಳೇ. ಹಡಗು ಬೇಕೇ ಬೇಡವೇ ಎಂದು ಅವರಿಬ್ಬರು ಬೀದಿಯಲ್ಲಿ ಜಗಳವಾಡುತ್ತಿರುವಷ್ಟು ಕಾಲ ಕಂಪನಿಗೆ ನೆಮ್ಮದಿ. ಕೇಳಬೇಕಾದ್ದು ಬೇರೆ: ಹಡಗು ಬರಲಿ, ಆದರೆ ಯಾರ ಷರತ್ತಿನ ಮೇಲೆ?

ಊರಿನ ಷರತ್ತು ಎಂದರೆ ಹೇಗಿರಬಹುದೆಂಬುದಕ್ಕೆ ಅಲಾಸ್ಕಾದ ಹೂನಾ ಎಂಬ ಸಣ್ಣ ಹಳ್ಳಿ ಉದಾಹರಣೆ. ಅಲ್ಲಿ ಮೂಲನಿವಾಸಿಗಳಾದ ಟ್ಲಿಂಗಿಟ್ ಜನ ಸಾವಿರದೊಳಗೆ ಇದ್ದಾರೆ. ಹತ್ತಿರದಲ್ಲಿ 1912ರಲ್ಲಿ ಕಟ್ಟಿದ, ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆಯೊಂದು ಪಾಳುಬಿದ್ದಿತ್ತು. ಆ ಜನರದೇ ಷೇರುಗಳಿರುವ ಹೂನಾ ಟೋಟೆಮ್ ಸಂಸ್ಥೆ ಆ ಕಾರ್ಖಾನೆಯನ್ನು ಸರಿಪಡಿಸಿ, 2004ರಲ್ಲಿ ಐಸಿ ಸ್ಟ್ರೈಟ್ ಪಾಯಿಂಟ್ ಎಂಬ ವಿಹಾರದ ಬಂದರನ್ನಾಗಿ ತೆರೆಯಿತು. ಹಳೆಯ ಯಂತ್ರಗಳನ್ನು ತೋರಿಸುವವರು, ತಿಮಿಂಗಿಲ ನೋಡಲು ಒಯ್ಯುವವರು, ಕುಣಿತ ಕಥೆ ಹೇಳುವವರು, ಅಂಗಡಿ ಇಟ್ಟವರು, ಇವರಲ್ಲಿ ಊರವರೇ ಬಹಳ ಮಂದಿ. ಲಾಭ ಷೇರುದಾರರಾದ ಜನಕ್ಕೆ. ಚಳಿಗಾಲದಲ್ಲಿ ಕೆಲಸವಿಲ್ಲ, ಕಷ್ಟ ತಪ್ಪಿದ್ದಲ್ಲ. ಆದರೆ ಲಬಾಡೀಗೂ ಹೂನಾಕ್ಕೂ ಇರುವ ವ್ಯತ್ಯಾಸವನ್ನು ಮನಸ್ಸಿನಲ್ಲಿಡಿ. ಎರಡೂ ಹಡಗಿಗಾಗಿಯೇ ಸಜ್ಜಾದ ಜಾಗಗಳು. ಒಂದರ ಒಡೆತನ ದೂರದ ಕಚೇರಿಯ ಕೈಯಲ್ಲಿ, ಇನ್ನೊಂದರದು ಊರಿನ ಕೈಯಲ್ಲಿ.

ಈಗ ಹಡಗಿನೊಳಗೆ ದುಡಿಯುವವರ ಮಾತು. ಫಿಲಿಪ್ಪೀನ್ಸ್, ಇಂಡೊನೇಷ್ಯಾ, ಭಾರತ, ಈ ದೇಶಗಳ ಮಕ್ಕಳೇ ಅಲ್ಲಿ ಹೆಚ್ಚು. ಗೋವಾದಿಂದ, ನಮ್ಮ ಮಂಗಳೂರು ಉಡುಪಿ ಕಾರವಾರದ ಕಡೆಯಿಂದ ಹೋದವರು ಬಹಳ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2006ರ ನಾವಿಕರ ಒಪ್ಪಂದ 2013ರಲ್ಲಿ ಜಾರಿಗೆ ಬಂದಿತು. ಅದರಂತೆ ದಿನಕ್ಕೆ 10 ಗಂಟೆ, ವಾರಕ್ಕೆ 77 ಗಂಟೆಯಾದರೂ ವಿಶ್ರಾಂತಿ ಕೊಡಬೇಕು. ಅಂದರೆ ದಿನಕ್ಕೆ 14 ಗಂಟೆ ದುಡಿಸಲು ಕಾಗದದ ಮೇಲೆಯೇ ಅವಕಾಶವಿದೆ! ಎಂಟು ಗಂಟೆಯ ಪಾಳಿಗಾಗಿ ಹೋರಾಡಿದ ಗಿರಣಿಯ ಜನ ಇದನ್ನು ಕೇಳಿ ಏನು ಹೇಳುತ್ತೀರಿ? 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾ ಬಂದರಿನಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗನ್ನು ಕೋವಿಡ್ ಕಾರಣಕ್ಕೆ ತಡೆದಾಗ ಅದರಲ್ಲಿ 138 ಭಾರತೀಯರಿದ್ದರು. ಅವರಲ್ಲಿ ಪ್ರಯಾಣಿಕರು 6 ಮಂದಿ, ನೌಕರರು 132. ಪ್ರಯಾಣಿಕರು ಕೋಣೆಯಲ್ಲಿ ಬಾಗಿಲು ಹಾಕಿಕೊಂಡಿದ್ದಾಗ ಆ ಬಾಗಿಲಿಗೆ ಊಟ ಮುಟ್ಟಿಸಿದವರು ನೌಕರರು.

ಕಡೆಯದಾಗಿ ನಮ್ಮ ಕರಾವಳಿಗೆ ಬರೋಣ. ಪಣಂಬೂರಿನ ನವಮಂಗಳೂರು ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ಅದಿರು, ಎಣ್ಣೆ, ಕಲ್ಲಿದ್ದಲು ಅದರ ದೊಡ್ಡ ವ್ಯಾಪಾರ. ಮಳೆಗಾಲ ಕಳೆದ ಮೇಲೆ ವಿಹಾರದ ಹಡಗುಗಳೂ ಬರುತ್ತವೆ. ಕೋವಿಡ್ ಬಿಡುವಿನ ನಂತರ 2022ರ ನವೆಂಬರ್ 28ರಂದು 'ಯುರೋಪಾ 2' ಹಡಗು ಬಂದು ಮತ್ತೆ ಶುರುವಾಯಿತು. ಬಂದವರಿಗೆ ಆ ಜಿಲ್ಲೆ ಏನು ತೋರಿಸುತ್ತದೆ? ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾ ಮಂದಿರ. ಅದರ ಗೋಡೆ ಮಾಳಿಗೆಗಳ ಮೇಲೆ 1899ರಿಂದ 1901ರವರೆಗೆ ಇಟಲಿಯ ಅಂತೋನಿಯೊ ಮೊಸ್ಕೇನಿ ಬರೆದ ಚಿತ್ರಗಳು. ಕದ್ರಿಯ ಮಂಜುನಾಥ, ಕುದ್ರೋಳಿಯ ಗೋಕರ್ಣನಾಥ. ಮೂಡಬಿದಿರೆಯಲ್ಲಿ 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿ. ಕಾರ್ಕಳದಲ್ಲಿ 1432ರಲ್ಲಿ ನಿಲ್ಲಿಸಿದ, ನಲವತ್ತು ಅಡಿಗೂ ಎತ್ತರದ ಏಕಶಿಲೆಯ ಗೊಮ್ಮಟ. ಗೇರುಬೀಜದ ಕಾರ್ಖಾನೆಯಲ್ಲಿ ಹೆಣ್ಣುಮಕ್ಕಳು ಬೀಜ ಸುಲಿಯುವುದನ್ನೂ ಪ್ರವಾಸಿಗರಿಗೆ ತೋರಿಸುವುದುಂಟು. ನಮ್ಮ ದುಡಿಮೆಯೂ ನೋಟದ ವಸ್ತುವಾಯಿತು. ನೋಟದ ದುಡ್ಡಿನಲ್ಲಿ ಸುಲಿಯುವವಳ ಪಾಲೆಷ್ಟು ಎಂದು ಯಾರಾದರೂ ಕೇಳಬೇಡವೇ?

ಸರ್ಕಾರ ಈ ವ್ಯಾಪಾರವನ್ನು ಬೆಳೆಸಲು ಹೊರಟಿದೆ. 2020ರ ಆಗಸ್ಟಿನಲ್ಲಿ ಕೇಂದ್ರದ ಹಡಗು ಸಚಿವಾಲಯ ವಿಹಾರದ ಹಡಗುಗಳ ಬಂದರು ಶುಲ್ಕವನ್ನು ಟನ್ನಿಗೆ 35 ಸೆಂಟಿನಿಂದ ಎಂಟೂವರೆ ಸೆಂಟಿಗೆ ಇಳಿಸಿ, ಪ್ರಯಾಣಿಕನ ತಲೆಗೆ 5 ಡಾಲರ್ ನಿಗದಿಮಾಡಿತು. 2024ರ ಸೆಪ್ಟೆಂಬರ್ 30ರಂದು ಮುಂಬಯಿಯಲ್ಲಿ 'ಕ್ರೂಸ್ ಭಾರತ್ ಮಿಷನ್' ಆರಂಭವಾಯಿತು. 2029ರೊಳಗೆ ಹಡಗಿನ ಪ್ರವಾಸಿಗರನ್ನು ಇಮ್ಮಡಿಗೊಳಿಸುವ ಗುರಿ. ಕೊಚ್ಚಿಯಲ್ಲಿ 2021ರಲ್ಲಿ, ಮುಂಬಯಿಯಲ್ಲಿ 2025ರಲ್ಲಿ ಇದಕ್ಕಾಗಿಯೇ ಹೊಸ ನಿಲ್ದಾಣಗಳು ಉದ್ಘಾಟನೆಯಾದವು. ಒಳ್ಳೆಯದು. ಹಡಗು ಬರಬಾರದೆಂದು ನಾನು ಹೇಳುವುದಿಲ್ಲ. ಆದರೆ ಕ್ಯಾರಿಬಿಯನ್ ದ್ವೀಪಗಳಿಗೆ ಇಲ್ಲದ ಒಂದು ಬಲ ನಮಗಿದೆ. ಆ ದ್ವೀಪಗಳು ಬೇರೆ ಬೇರೆ ದೇಶಗಳು. ಒಬ್ಬರನ್ನೊಬ್ಬರು ತುಳಿದು ದರ ಇಳಿಸಿದರು. ನಮ್ಮ ಮುಂಬಯಿ, ಮರ್ಮುಗೋವಾ, ಮಂಗಳೂರು, ಕೊಚ್ಚಿ ನಾಲ್ಕೂ ಒಂದೇ ಕೇಂದ್ರ ಸರ್ಕಾರದ ಅಧೀನದ ಬಂದರುಗಳು. ಇವು ಪೈಪೋಟಿ ಮಾಡಬೇಕಾದ ಕಾರಣವೇ ಇಲ್ಲ. ಒಂದೇ ಬಾಯಲ್ಲಿ ಷರತ್ತು ಹೇಳಬಹುದು. ಹಡಗುಗಳು ಕೊಲಂಬೊ, ಮಾಲೆ ಮುಟ್ಟಿಯೂ ಬರುತ್ತವೆ; ಆ ನೆರೆಯವರ ಜೊತೆಗೂ ಮಾತಾಡಬಹುದು.

ಯಾವ ಷರತ್ತು? ನನಗೆ ತೋರಿದ್ದನ್ನು ಹೇಳುತ್ತೇನೆ. ಹಡಗು ಸಂಜೆಯ ತನಕವಲ್ಲ, ರಾತ್ರಿಯ ಊಟದ ಹೊತ್ತು ಕಳೆಯುವ ತನಕ ನಿಲ್ಲಲಿ. ಆಗ ಊರಿನ ಹೋಟೆಲಿನ ಒಲೆ ಉರಿಯುತ್ತದೆ, ಯಕ್ಷಗಾನದ ಚೆಂಡೆಗೂ ಕಿವಿ ಸಿಗುತ್ತದೆ. ತಲೆಗಂದಾಯದ ಒಂದು ಪಾಲು ಬಂದರಿನ ಖಾತೆಯಲ್ಲೇ ಉಳಿಯದೆ ಪಟ್ಟಣದ ರಸ್ತೆ, ಕಸ, ಶೌಚಾಲಯಕ್ಕೆ ಹೋಗಲಿ, ಲೆಕ್ಕವನ್ನು ಪ್ರಕಟಿಸಲಿ. ಬಂದರಿನ ಬಾಗಿಲಲ್ಲಿ ಆಟೋ, ಟ್ಯಾಕ್ಸಿಯವರಿಗೆ ದರದ ಫಲಕದೊಡನೆ ಜಾಗವಿರಲಿ. ಉಡುಪಿ ಸೀರೆ ನೇಯುವವರಿಗೂ ಹೂವು ಹಣ್ಣು ಮಾರುವವರಿಗೂ ಬಾಡಿಗೆಯಿಲ್ಲದ ಮಳಿಗೆ ಇರಲಿ. ದಿನಕ್ಕೆ ಇಷ್ಟೇ ಜನ ಎಂಬ ಮಿತಿಯನ್ನು ಬಸದಿಯ ಕಲ್ಲು ಸವೆಯುವ ಮೊದಲೇ ಹಾಕಲಿ. ಹಡಗಿನ ನೌಕರ ಮೂರು ಗಂಟೆಯ ಬಿಡುವಿನಲ್ಲಿ ದಡಕ್ಕಿಳಿದರೆ ಅವನಿಗೊಂದು ಕುರ್ಚಿ, ಮನೆಗೆ ಫೋನು ಮಾಡುವ ಅನುಕೂಲ, ಪೇಟೆಗೊಂದು ಬಸ್ಸು ಇರಲಿ. ಇವುಗಳಲ್ಲಿ ಯಾವುದೂ ಆಕಾಶದ ನಕ್ಷತ್ರವಲ್ಲ.

ಹೀಗೆ ಕೇಳಿದರೆ ಹಡಗು ಬರುವುದಿಲ್ಲ ಎಂದು ಹೆದರಿಸುವವರು ಬರುತ್ತಾರೆ. ಆ ಹೆದರಿಕೆಯಲ್ಲಿ ಸ್ವಲ್ಪ ನಿಜವುಂಟು; ಬರಿಯ ಮರಳಿನ ತೀರವನ್ನೇ ಮಾರಲು ಹೊರಟರೆ ನಾವೂ ಗ್ರೆನಡಾದಂತೆಯೇ. ಆದರೆ ಕಾರ್ಕಳದ ಗೊಮ್ಮಟ ಎದ್ದು ಇನ್ನೊಂದು ಬಂದರಿಗೆ ನಡೆದುಹೋಗುವುದಿಲ್ಲ. ಅದು ನಮ್ಮ ಹಿಮನದಿ. ಆರು ಶತಮಾನ ಬಿಸಿಲು ಮಳೆಯಲ್ಲಿ ನಿಂತವನನ್ನು ನೋಡಲು ಬರುವವನು ಆರು ಗಂಟೆಯಾದರೂ ನಿಲ್ಲಲಿ, ನಿಂತದ್ದಕ್ಕೆ ನ್ಯಾಯವಾದ ಬೆಲೆ ಕೊಡಲಿ ಎಂದು ಕೇಳುವುದು ದುರಾಸೆಯಲ್ಲ.

ಗಿರಣಿಯ ಒಬ್ಬ ಕೂಲಿಯವನು ಮಾಲೀಕನ ಕೋಣೆಗೆ ಒಂಟಿಯಾಗಿ ಹೋದರೆ ಏನಾಗುತ್ತದೆಂದು ನಿಮಗೆ ಗೊತ್ತು. ಒಂಟಿ ಬಂದರಿನ ಗತಿಯೂ ಅದೇ. ಕರಾವಳಿಯ ಹಗ್ಗ ಕಟ್ಟುವವರು, ಆಟೋದವರು, ಬೀಜ ಸುಲಿಯುವವರು, ಸಣ್ಣ ಅಂಗಡಿಯವರು ನಾಳೆ ಈ ಮಾತನ್ನು ಎತ್ತಿದಾಗ, ಸಮುದ್ರವಿಲ್ಲದ ಊರಿನ ನಾವು ಅವರ ಜೊತೆಗಿದ್ದೇವೆಂದು ತಿಳಿಸಬೇಕು. ಅದಕ್ಕಾಗಿಯೇ ಈ ಹೊತ್ತು ಹಡಗಿನ ಮಾತೆತ್ತಿದೆ. ನಮ್ಮ ಓಣಿಯ ಹುಡುಗ ಮುಂದಿನ ರಜೆಗೆ ಬಂದಾಗ, ಕಾಕಾ, ಈ ಸಲ ಒಂದು ಊರು ನೋಡಿದೆ ಎನ್ನಲಿ. ಆ ಊರು ನಮ್ಮ ಮಂಗಳೂರೇ ಆಗಿರಲಿ.